ಬೀಜಕ್ಕೆ ಬಿಟ್ಟ ಮರ

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲುವಾಡವನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟುತ್ತೇನೆ. ಒಳಗಿನವರು ಯಾರೋ ಬಾಗಿಲು ಬಡಿದರೆಂದು ಎದ್ದು ಬರುತ್ತಾರೆ. ನೋಡಿದರೆ ಬಾಗಿಲು ತೆರೆದೇ ಇರುತ್ತದೆ, ನಾನು ಕಿವಿ ಹಚ್ಚಿಕೊಂಡು ನಿಂತಿರುತ್ತೇನೆ. ಒಮ್ಮೆ ನಾದಿನಿಯ ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಹೀಗೆಯೇ ಆಯಿತು. ಹುಡುಗಿಯ ಅಪ್ಪ ಕೈಮುಗಿದು ಬನ್ನಿ ಬನ್ನಿ ಎನ್ನುತ್ತಿದ್ದರೆ ನಾನು, “ಬೇವು ಒಳ್ಳೇದೇ ಹಾಕ್ಸೀರಿ, ಆದ್ರೆ ಹಸಿ ಇದ್ದಾಗ್ಲೇ ಕೊಯ್ಸಿಬಿಟ್ಟೀರಿ, ಎರಡು ವರ್ಷಕ್ಕೆ ಸೊಟ್ಟ ಆಗ್ತೈತೆ” ಎಂದುಬಿಟ್ಟೆ. ಆ ಸಂಬಂಧ ಕೂಡಿಬರಲಿಲ್ಲ. ಜಾತಕ ಹೊಂದಲಿಲ್ಲ ಎಂದು ಅವರು ಹೇಳಿ ಕಳಿಸಿದರು. ನಾದಿನಿ ಮಾತ್ರ ಇವತ್ತಿಗೂ ಆ ಬಾಗಿಲುವಾಡದ ಮಾತೆತ್ತಿ ನನ್ನನ್ನು ಗುರಾಯಿಸುತ್ತಾಳೆ.

ಹೋದ ತಿಂಗಳು ನಮ್ಮೂರು ಚಳ್ಳಕೆರೆಯಲ್ಲೇ ಪರಿಚಯದವರೊಬ್ಬರ ಗೃಹಪ್ರವೇಶವಿತ್ತು. ಕೈ ಸುಮ್ಮನಿರಬೇಕಲ್ಲ, ಕುಟ್ಟಿದೆ. ಬಚ್ಚಲಿನ ಪ್ಲಾಸ್ಟಿಕ್ ಬಕೆಟ್ಟಿಗೆ ಬಡಿದ ಹಾಗೆ ಸದ್ದು ಬಂತು. ಮನೆಯ ಯಜಮಾನರು ಹಿಗ್ಗಿ, “ಫೈಬರ್ ಅಕ್ಕ. ಗೆದ್ದಲು ಹಿಡಿಯಲ್ಲ, ನೀರು ಬಿದ್ರೂ ಏನೂ ಆಗಲ್ಲ” ಎಂದರು. ಚೆನ್ನಾಗಿದೆ ಎಂದೆ. ಪಾಯಸ ಉಂಡು, ಎಲೆಯಡಿಕೆ ಹಿಡಿದುಕೊಂಡು ಹೊರಟವಳಿಗೆ ದಾರಿಯುದ್ದಕ್ಕೂ ಒಂದೇ ಒಂದು ಮರ ನೆನಪಾಗುತ್ತಿತ್ತು. ಆ ಮರದ ಸಂಗತಿಯನ್ನು ನಿಮಗೆ ಹೇಳಬೇಕು. ನಡುವೆ ಅಲ್ಲಿ ಇಲ್ಲಿ ಸುತ್ತಾಡಿದರೆ ಬೇಸರ ಮಾಡಿಕೊಳ್ಳಬೇಡಿ. ನೇರವಾಗಿ ಅಲ್ಲಿಗೆ ಹೋಗಲು ನನಗೆ ಧೈರ್ಯ ಸಾಲದು.

ನಮ್ಮದು ಸಾಮಿಲ್ಲು, ಮರ ಕೊಯ್ಯುವ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಒಂದು ಸಿಮೆಂಟ್ ಶೀಟಿನ ಶೆಡ್ಡು, ಒಂದು ದೊಡ್ಡ ಗರಗಸ, ಅದನ್ನು ತಿರುಗಿಸುವ ಮೋಟಾರು, ಅಂಗಳದ ತುಂಬ ದಿಮ್ಮಿಗಳು. ಊರೆಲ್ಲ ಶೇಂಗಾ ಎಣ್ಣೆಯ ವಾಸನೆ ಹೊಡೆಯುತ್ತಿದ್ದರೆ ನಮ್ಮ ಮನೆಯೊಂದು ಮಾತ್ರ ಕೊಯ್ದ ಬೇವಿನ, ಜಾಲಿಯ, ಬಾಗೆಯ ವಾಸನೆ ಹೊಡೆಯುತ್ತಿತ್ತು. ನಾನು ಆಡಿದ್ದು, ಬಿದ್ದದ್ದು, ಮಧ್ಯಾಹ್ನ ನಿದ್ದೆ ಮಾಡಿದ್ದು ಎಲ್ಲ ಗರಗಸದ ಹೊಟ್ಟಿನ ಗುಡ್ಡೆಯ ಮೇಲೆ. ಲೆಕ್ಕ ತಪ್ಪಿದಾಗ ಶಾಲೆಯ ಮೇಷ್ಟ್ರು, “ನಿನ್ನ ತಲೇಲಿ ಹೊಟ್ಟು ತುಂಬಿದೆಯಾ?” ಎಂದು ಕೇಳಿದರೆ ಹುಡುಗರೆಲ್ಲ ನಗುತ್ತಿದ್ದರು. ನಾನು ಜಡೆ ಬಿಚ್ಚಿ ಒದರಿದರೆ ನಿಜವಾಗಿಯೂ ಒಂದು ಚಿಟಿಕೆ ಉದುರುತ್ತಿತ್ತು.

ಅಪ್ಪ ನನ್ನನ್ನು ದಿಮ್ಮಿಯ ಮೇಲೆ ಕೂರಿಸಿಕೊಂಡು ಕೊಯ್ದ ಮುಖದಲ್ಲಿರುವ ಉಂಗುರಗಳನ್ನು ಎಣಿಸುತ್ತಿದ್ದರು. “ಇದು ನೋಡು, ನಿಮ್ಮವ್ವ ಮದುವೆಯಾಗಿ ಬಂದ ವರ್ಷ. ಇದು ನೀನು ಹುಟ್ಟಿದ ವರ್ಷ, ಎಷ್ಟು ಅಗಲ ಐತೆ ನೋಡು, ಒಳ್ಳೆ ಮಳೆ.” ನಾನು ನನ್ನ ವರ್ಷದ ಮೇಲೆ ಬೆರಳಾಡಿಸಿ ಬೀಗುತ್ತಿದ್ದೆ. ಬಹಳ ಕಾಲದ ಮೇಲೆ, ಮಿಲ್ಲು ನನ್ನ ಕೈಗೆ ಬಂದ ಮೇಲೆ, ಅರಣ್ಯ ಇಲಾಖೆಯ ಒಬ್ಬ ಅಧಿಕಾರಿಗೆ ಈ ವಿದ್ಯೆಯನ್ನು ತೋರಿಸಲು ಹೋದೆ. ಅವರು ಸಂಕೋಚದಿಂದ ನಕ್ಕು, “ಮೇಡಂ, ಈ ಕಡೆಯ ಬಹಳಷ್ಟು ಮರಗಳಲ್ಲಿ ಉಂಗುರ ಸರಿಯಾಗಿ ಮೂಡೋದೇ ಇಲ್ಲ” ಎಂದರು. ಅಪ್ಪ ಅಷ್ಟು ವರ್ಷ ಹೇಳಿದ್ದೆಲ್ಲ ಕಟ್ಟುಕತೆ! ನಾನು ಹುಟ್ಟಿದ ವರ್ಷ ಮಳೆ ಬಂದಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಆದರೆ ಮರ ಕಡಿಯುವ ವಿಷಯದಲ್ಲಿ ಅಪ್ಪ ಕತೆ ಕಟ್ಟಿದವರಲ್ಲ. ಅವರಿಗೆ ಅವರದೇ ನೇಮಗಳಿದ್ದವು. ತುದಿ ಒಣಗಲು ಶುರುವಾದ ಮರವನ್ನೇ ಕೊಳ್ಳುತ್ತಿದ್ದರು. ಕಾಯಿ ಕಟ್ಟಿರುವಾಗ ಕೊಡಲಿ ಹಾಕಿಸುತ್ತಿರಲಿಲ್ಲ. ಒಂದು ಬದುವಿನಲ್ಲಿ ಒಂದೇ ಜಾತಿಯ ಹತ್ತು ಮರವಿದ್ದರೆ ಅದರಲ್ಲಿ ನೆಟ್ಟಗೆ ಬೆಳೆದ, ಗಟ್ಟಿಯಾದ, ನೋಡಿದರೆ ಬಾಯಲ್ಲಿ ನೀರೂರುವ ಮರ ಯಾವುದೋ ಅದನ್ನೇ ಬಿಟ್ಟುಬಿಡುತ್ತಿದ್ದರು. “ಅದು ಬೀಜಕ್ಕೆ” ಎನ್ನುತ್ತಿದ್ದರು, ತೋಟದಲ್ಲಿ ಒಂದು ಸೋರೆಕಾಯಿಯನ್ನು ಬೀಜಕ್ಕೆ ಬಿಟ್ಟ ಹಾಗೆ. ಬೇರೆ ಮಿಲ್ಲಿನವರು, ಇವನಿಗೆ ಮರ ಮಾರುವುದಕ್ಕಿಂತ ಹೆಣ್ಣು ಕೊಡುವುದು ಸಲೀಸು ಎಂದು ಆಡಿಕೊಳ್ಳುತ್ತಿದ್ದರು. ಒಂದು ಮರ ಕಡಿದರೆ ಆ ಹೊಲದಲ್ಲೇ ಒಂದಿಷ್ಟು ಸಸಿ ನೆಟ್ಟು, ಜಾಲಿಮುಳ್ಳು ಕಟ್ಟಿ, ಮೂರು ಬೇಸಿಗೆ ತಾವೇ ಹೋಗಿ ನೋಡಿ ಬರುತ್ತಿದ್ದರು. ಲೂನಾ ಗಾಡಿಯ ಹಿಂದೆ ನಾನು, ನನ್ನ ತೊಡೆಯ ಮೇಲೆ ನೀರಿನ ಕ್ಯಾನು. ಬಿ.ಜಿ. ಕೆರೆ ಊರಿನ ಹೊಲ ಮುಟ್ಟುವ ಹೊತ್ತಿಗೆ ಅರ್ಧ ನೀರು ನನ್ನ ಲಂಗದ ಮೇಲೆ ಚೆಲ್ಲಿರುತ್ತಿತ್ತು.

ಕಮರದ ಮರ ನಿಮ್ಮ ಕಡೆ ಇದೆಯೋ ಇಲ್ಲವೋ ನನಗೆ ತಿಳಿಯದು. ನಮ್ಮ ಬಯಲಿನಲ್ಲಿ ಅದಕ್ಕಿಂತ ಗಟ್ಟಿ ಮರ ಇನ್ನೊಂದಿಲ್ಲ. ಚಿಟ್ಟೆ ರೆಕ್ಕೆ ಬಿಚ್ಚಿದಂಥ ಪುಟ್ಟ ಜೋಡಿ ಎಲೆ; ಒಳಗಿನ ತಿರುಳು, ಚೇಗು, ಮಾತ್ರ ಕಬ್ಬಿಣ. ಗಿರಾಕಿಗಳು ಬಂದರೆ ಅಪ್ಪ ಒಂದು ಚೂರನ್ನು ಬಕೆಟ್ಟಿನ ನೀರಿಗೆ ಹಾಕುತ್ತಿದ್ದರು. ಅದು ಕಲ್ಲಿನ ಹಾಗೆ ತಳಕ್ಕೆ ಹೋಗುತ್ತಿತ್ತು. ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ನೇಯುವ ಒಬ್ಬ ಅಜ್ಜ ಮಗ್ಗದ ಮರಕ್ಕಾಗಿ ಬರುತ್ತಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು. “ಗಟ್ಟಿ ಚೆಕ್ಕ ಇವ್ವಮ್ಮಾ, ನಾ ಮನವಡು ಕೂಡಾ ನೇಯಾಲಿ” ಎನ್ನುತ್ತಿದ್ದರು. ಗಟ್ಟಿ ಹಲಗೆ ಕೊಡು, ನನ್ನ ಮೊಮ್ಮಗನೂ ಅದರಲ್ಲೇ ನೇಯಬೇಕು ಅಂತ. ಗಾಣದವರು, ಗಾಡಿಯ ಅಚ್ಚಿನವರು, ಕೂರಿಗೆಯವರು ಎಲ್ಲರೂ ಕಮರವನ್ನೇ ಕೇಳುತ್ತಿದ್ದರು. ಅದು ಬೆಳೆಯುವುದು ಮಾತ್ರ ಬಹಳ ನಿಧಾನ. ನಾನು ನೀರು ಹೊತ್ತುಕೊಂಡು ಹೋಗಿ ಹಾಕಿದ ಸಸಿಗಳು ನನ್ನ ತಲೆ ನರೆತ ಮೇಲೂ ನನ್ನ ತೊಡೆಯಷ್ಟು ದಪ್ಪವಾಗಿಲ್ಲ. ಈಗಿನ ನನ್ನ ತೊಡೆಯನ್ನು ಲೆಕ್ಕಕ್ಕೆ ಹಿಡಿಯುವುದು ಮರಕ್ಕೆ ಅನ್ಯಾಯ, ಅದು ಬೇರೆ ಮಾತು.

ಆ ಸಸಿಗಳೆಲ್ಲಕ್ಕೂ ಬೀಜ ಬರುತ್ತಿದ್ದದ್ದು ಒಂದೇ ಮರದಿಂದ. ಅದು ನನ್ನಿವಾಳದ ಹತ್ತಿರ ಬೋರಜ್ಜ ಎನ್ನುವ ಕುರಿಗಾರರ ಹೊಲದಲ್ಲಿತ್ತು. ಇಬ್ಬರು ಕೈ ಚಾಚಿ ತಬ್ಬಿದರೂ ಸಿಗದ ಬೊಡ್ಡೆ. ಕುರಿಗೆ ಕಮರದ ಸೊಪ್ಪೆಂದರೆ ಪ್ರಾಣ. ಬೇಸಿಗೆಯಲ್ಲಿ ಬೋರಜ್ಜ ಮರ ಹತ್ತಿ ಇಡೀ ಮರವನ್ನು ಸವರಿಬಿಡುತ್ತಿದ್ದರು. ಆಗ ಅವರಿನ್ನೂ ಅಜ್ಜ ಆಗಿರಲಿಲ್ಲ, ಬೋರಣ್ಣ. ಅಪ್ಪನಿಗೂ ಅವರಿಗೂ ಮರದ ಬುಡದಲ್ಲೇ ಜಗಳವಾದದ್ದು ನನಗೆ ನೆನಪಿದೆ.

“ನನ್ನ ಮರ, ನನ್ನ ಕುರಿ. ನಿಮ್ಗೇನ್ರೀ ಕಷ್ಟ?” ಎಂದು ಬೋರಣ್ಣ ಮೇಲಿನಿಂದಲೇ ಕೂಗಿದರು.

“ಎಲ್ಲಾ ಸವರಿದ್ರೆ ಹೂವು ಎಲ್ಲಿ ಬಿಡಬೇಕು ಬೋರಣ್ಣ? ಹೂವಿಲ್ದೆ ಬೀಜ ಎಲ್ಲಿಂದ ತರ್ಲಿ?”

“ಕುರಿಗೆ ಬೀಜ ಹಾಕ್ಲಾ?”

ಕೊನೆಗೆ ಬೋರಣ್ಣನ ಹೆಂಡತಿ ಓಬವ್ವ ಮಜ್ಜಿಗೆಯ ಚೊಂಬು ಹಿಡಿದು ಬಂದು ನ್ಯಾಯ ತೀರಿಸಿದಳು. “ಒಂದು ವರ್ಷ ಮೂಡಲ ದಿಕ್ಕಿನ ಸೊಪ್ಪು ಕಡಿ, ಒಂದು ವರ್ಷ ಪಡುವಲ ದಿಕ್ಕಿಂದು ಕಡಿ. ಅದಕ್ಯಾಕೆ ಹಿಂಗೆ ಬಡ್ಕಂತೀರಿ ಇಬ್ರೂ?” ಅವತ್ತಿನಿಂದ ಆ ಮರ ಅರ್ಧ ತಲೆ ಬೋಳಿಸಿಕೊಂಡ ಹಾಗೆ ಕಾಣುತ್ತಿತ್ತು. ಬಸ್ಸಿನಲ್ಲಿ ಹೋಗುವವರು ನೋಡಿ ನಗುತ್ತಿದ್ದರು. ಆದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ಅದು ಮೈತುಂಬ ಕಾಯಿ ಬಿಡುತ್ತಿತ್ತು. ಕಾಗದದಂಥ ಚಪ್ಪಟೆ ಕಾಯಿ, ತುದಿಯಲ್ಲೊಂದೇ ಬೀಜ. ಚೈತ್ರ ಕಳೆದು ಗಾಳಿ ಎದ್ದರೆ ಅವು ಹಾರಿ ಹಾರಿ ಹೊಲದ ತುಂಬ ಬೀಳುತ್ತಿದ್ದವು.

ಅಪ್ಪ ಹೋಗಿ ಎಂಟು ವರ್ಷವಾಯಿತು. ಕೊನೆಯಲ್ಲಿ ನನ್ನನ್ನು ಹತ್ತಿರ ಕರೆದಾಗ ಏನೋ ದೊಡ್ಡ ಮಾತು ಹೇಳುತ್ತಾರೆಂದು ಬಗ್ಗಿದೆ. “ಬ್ಲೇಡಿಗೆ ನೀರು ಬಿಡೋದು ಮರೀಬ್ಯಾಡ” ಎಂದರು. ಅಷ್ಟೇ. ಬೀಜದ ಮರ ಕಡಿಯಬೇಡ ಎಂದು ನನ್ನಿಂದ ಭಾಷೆಯನ್ನೇನೂ ತೆಗೆದುಕೊಳ್ಳಲಿಲ್ಲ. ಆ ಭಾಷೆಯನ್ನು ಆಮೇಲೆ ನಾನೇ ಹುಟ್ಟಿಸಿಕೊಂಡೆ. ಕೇಳಿದವರಿಗೆಲ್ಲ, ಅಪ್ಪನಿಗೆ ಮಾತು ಕೊಟ್ಟಿದ್ದೇನೆ ಎಂದು ಹೇಳಿ ಹೇಳಿ ನನಗೂ ನಿಜವೆನಿಸಿಬಿಟ್ಟಿತ್ತು.

ಮಿಲ್ಲನ್ನು ಹೇಗೋ ನಡೆಸಿಕೊಂಡು ಬಂದೆ. ನನ್ನ ಜೊತೆ ಖಾಜಾ ಸಾಬರಿದ್ದರು, ಈಗಲೂ ಇದ್ದಾರೆ. ಅಪ್ಪನ ಕಾಲದಿಂದ ಗರಗಸದ ಹಲ್ಲು ಮಸೆಯುವವರು, ಕೊಯ್ಯುವವರು ಎಲ್ಲ ಅವರೇ. ಮಗ್ಗದ ಅಜ್ಜ ಬರುವುದು ನಿಂತಿತು. ಗಾಡಿಯವರು, ಗಾಣದವರು ಯಾವಾಗಲೋ ನಿಂತಿದ್ದರು. ಮನೆ ಕಟ್ಟುವವರು ಮಲೇಷಿಯಾದ ಮರವೆಂದು ಹಡಗಿನಲ್ಲಿ ಬಂದದ್ದನ್ನೋ, ಇಲ್ಲವೇ ಈಗ ಹೇಳಿದೆನಲ್ಲ, ಬಕೆಟ್ಟಿನ ಬಾಗಿಲನ್ನೋ ಹಾಕಿಸತೊಡಗಿದರು. ನಾವು ನೀಲಗಿರಿ ಕೊಯ್ದು ಪ್ಯಾಕಿಂಗ್ ಪೆಟ್ಟಿಗೆಯ ಪಟ್ಟಿ ಮಾಡಿಕೊಂಡು ಉಸಿರಾಡುತ್ತಿದ್ದೆವು. ಆದರೂ ಯಾರಾದರೂ ಬೇವೋ ಬಾಗೆಯೋ ತಂದರೆ ನಾನು ಅಪ್ಪನ ಹಾಗೆ ಪ್ರಶ್ನೆ ಕೇಳುತ್ತಿದ್ದೆ. ತುದಿ ಒಣಗಿತ್ತಾ? ಕಾಯಿ ಇತ್ತಾ? ಬದಲಿಗೆ ಸಸಿ ಎಲ್ಲಿ ನೆಡ್ತೀರಿ? ಅವರು ಒಂದು ಸಲ ಉತ್ತರ ಹೇಳುತ್ತಿದ್ದರು, ಮುಂದಿನ ಸಲ ಬೇರೆ ಮಿಲ್ಲಿಗೆ ಹೋಗುತ್ತಿದ್ದರು.

ಹೋದ ವರ್ಷ ಶಿವರಾತ್ರಿ ಕಳೆದ ವಾರ ಬೋರಜ್ಜನ ಮಗ ಪಾಲಯ್ಯ ಮಿಲ್ಲಿಗೆ ಬಂದ. ಒಳ್ಳೆಯವನು, ಮಾತು ಕಡಿಮೆ. ದಿಮ್ಮಿಯೊಂದರ ಮೇಲೆ ಕೂತು ಟವಲಿನಿಂದ ಮುಖ ಒರೆಸಿಕೊಂಡ.

“ಅಕ್ಕ, ಹೊಲ ಸೋಲಾರ್‌ನೋರಿಗೆ ಬಾಡಿಗೆಗೆ ಕೊಟ್ಟೀವಿ. ಬೇಲಿ ಒಳಗೆ ಮರದ ನೆಳ್ಳು ಬೀಳಂಗಿಲ್ಲಂತೆ. ಕಡಿಯಾಕೆ ಪರ್ಮಿಶನ್ನೂ ಆಗೈತೆ. ನೀವು ಬಂದು ಕೊಯ್ಸ್ಕಂಡು ಹೋಗ್ರಿ.”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. “ಯಾವ ಮರ?”

“ಇನ್ಯಾವುದು? ಕಮರ.”

“ನಿಮ್ಮಪ್ಪಗೆ ಗೊತ್ತೈತಾ?”

“ಅಪ್ಪ ಕುರಿ ಹೊಡ್ಕಂಡು ಬಳ್ಳಾರಿ ಕಡೆ ಹೋಗ್ಯಾನೆ. ಫೋನ್ನಾಗೆ ಹೇಳ್ದೆ. ಎರಡು ಸಲ ಹೇಳಿಸ್ಕಂಡ. ಆಮ್ಯಾಲೆ, ‘ಕಡಿಯಾದೇ ಆದ್ರೆ ಮಿಲ್ಲಿಗೇ ಕೊಡು, ಬ್ಯಾರೆ ಕಡೀಗೆ ಕೊಡಬ್ಯಾಡ’ ಅಂದ.”

ಆ ವರ್ಷ ಮರ ಕಾಯಿ ಹಿಡಿದಿತ್ತು. ನಾನು ಸಂಕ್ರಾಂತಿಯಲ್ಲಿ ಹೋದಾಗಲೇ ನೋಡಿ ಬಂದಿದ್ದೆ, ಎಲ್ಲ ಹಸಿರು. ಬಲಿಯಲು ಇನ್ನೂ ಎರಡು ತಿಂಗಳು ಬೇಕಿತ್ತು. “ಎರಡು ತಿಂಗಳು ತಡಿ ಪಾಲಯ್ಯ. ಬೀಜ ಉದುರ್ಲಿ. ಆಮೇಲೆ ನೋಡೋಣ” ಎಂದೆ.

“ಯುಗಾದಿಯೊಳಗೆ ಜಾಗ ಖಾಲಿ ಮಾಡ್ಕೊಡ್ಬೇಕಕ್ಕ. ಬರ್ಕೊಟ್ಟೀನಿ.”

“ಹಂಗಾದ್ರೆ ನಾನು ಕೊಯ್ಯಲ್ಲ.” ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಾನು ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. “ಕಾಯಿ ಕಟ್ಟಿದ ಮರಕ್ಕೆ ಈ ಮಿಲ್ಲಿನ ಗರಗಸ ತಾಗಲ್ಲ. ನಮ್ಮಪ್ಪಗೆ ಮಾತು ಕೊಟ್ಟೀನಿ.”

ಪಾಲಯ್ಯ ನನ್ನನ್ನೇ ನೋಡಿದ. “ನೀವು ಕೊಯ್ದಿದ್ರೆ ಯಾರ ಮನೀಗಾದ್ರೂ ಬಾಗಿಲಾದ್ರೂ ಆಗ್ತಿತ್ತು. ಬರ್ತೀನಿ” ಎಂದು ಎದ್ದು ಹೋದ.

ಖಾಜಾ ಸಾಬರು ಹಲ್ಲು ಮಸೆಯುವ ಅರ ಹಿಡಿದುಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಬೇಟಿ, ಮರ ಹೆಂಗೂ ಹೋಗ್ತೈತೆ. ನಮ್ ಕಡೆ ಬಂದ್ರೆ ಹಲಗೆ ಆಗಿಯಾದ್ರೂ ನೂರು ವರ್ಷ ಇರ್ತೈತೆ. ಕರೀರಿ ಅವನ್ನ.”

“ನಿಮಗೆ ಗರಗಸ ತಿರುಗಿದ್ರೆ ಸಾಕು ಸಾಬ್ರೇ” ಎಂದೆ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಿದ ಮನುಷ್ಯನಿಗೆ ಹೇಳಿದ ಮಾತು ಅದು. ಅವರು ಹೋಗಿ ಬ್ಲೇಡಿನ ಮುಂದೆ ಕೂತರು.

ಅವತ್ತಿನ ನನ್ನ ಸಂಭ್ರಮವನ್ನು ನೀವು ನೋಡಬೇಕಿತ್ತು. ಹಳೆಯ ಒಂದು ಫೋಟೋ ಹುಡುಕಿ, ಆ ಅರ್ಧ ಬೋಳು ಮರದ್ದೇ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಕೆಳಗೆ ‘ಬೀಜದ ಮರ ಕಡಿಯಲಾರೆ’ ಎಂದು ಬರೆದೆ. ಕೈಮುಗಿದವರೆಷ್ಟು ಜನ, ಹಸಿರು ಎಲೆ ಕಳಿಸಿದವರೆಷ್ಟು ಜನ! ಕಾಲೇಜಿನ ಗೆಳತಿಯೊಬ್ಬಳು ಫೋನ್ ಮಾಡಿ, ನಿನ್ನಂಥವರು ಇರುವುದರಿಂದಲೇ ಮಳೆ ಬೆಳೆ ಎಂದಳು. ನಾನು ಇಲ್ಲ ಬಿಡೇ ಎನ್ನುತ್ತಲೇ ಇನ್ನೂ ಸ್ವಲ್ಪ ಹೊಗಳಲೆಂದು ಕಾದೆ. ಎರಡು ದಿನ ಎಷ್ಟು ಹಗುರಾಗಿದ್ದೆ! ನಾನು ಕೊಯ್ಯದಿದ್ದರೆ ಮರ ಉಳಿಯುತ್ತದೆಂದು ಅದು ಹೇಗೆ ಅಂದುಕೊಂಡೆನೋ ನನಗೆ ಇವತ್ತಿಗೂ ತಿಳಿಯದು. ಅಂದುಕೊಂಡಿರಲಿಲ್ಲವೇನೋ. ಮರದ ಯೋಚನೆಯನ್ನೇ ನಾನು ಮಾಡಿರಲಿಲ್ಲ. ನನ್ನ ಯೋಚನೆಯೇ ನನಗೆ ಸಾಕಷ್ಟಿತ್ತು.

ಆರನೆಯ ದಿನವೋ ಏಳನೆಯ ದಿನವೋ ಮನಸ್ಸು ತಡೆಯದೆ ಸ್ಕೂಟಿ ಹತ್ತಿ ನನ್ನಿವಾಳದ ಕಡೆ ಹೋದೆ. ದೂರದಿಂದಲೇ ಕಾಣಬೇಕಾದದ್ದು ಕಾಣಲಿಲ್ಲ. ದಾರಿ ತಪ್ಪಿದೆನೇನೋ ಎಂದು ಗಾಡಿ ನಿಲ್ಲಿಸಿ ಹಿಂದೆ ಮುಂದೆ ನೋಡಿದೆ. ತಪ್ಪಿರಲಿಲ್ಲ. ಜೆಸಿಬಿಯಿಂದ ಬುಡ ಅಗೆದು ಕೆಡವಿದ್ದರು. ಬಾವಿಯಂಥ ಗುಂಡಿ, ಸುತ್ತ ಕೆಂಪು ಮಣ್ಣು, ಮಣ್ಣಿನ ಮೇಲೆ ಟ್ರ್ಯಾಕ್ಟರಿನ ಗಾಲಿಯ ಗುರುತು. ರೆಂಬೆಗಳು ಅಲ್ಲಲ್ಲಿ ಬಿದ್ದಿದ್ದವು. ಯಾರದೋ ಕುರಿಗಳು ಮೂಡಲ, ಪಡುವಲ ಎನ್ನದೆ ಎಲ್ಲ ಸೊಪ್ಪನ್ನೂ ಕಾಯಿ ಸಮೇತ ತಿನ್ನುತ್ತಿದ್ದವು. ನಾನು ಕುರಿಗಳ ನಡುವೆ ನುಗ್ಗಿ, ಅವು ಬಾಯಿ ಹಾಕುವ ಮೊದಲೇ ಹಸಿ ಕಾಯಿಗಳನ್ನು ಕಿತ್ತು ಕಿತ್ತು ಸೆರಗಿಗೆ ತುಂಬಿಕೊಂಡೆ.

ಪಾಲಯ್ಯ ಬೇಲಿಯ ಕಂಬ ನೆಡುವವರ ಜೊತೆಗಿದ್ದ. ನನ್ನನ್ನು ಕಂಡು ಬಂದ.

“ಎಲ್ಲಿಗೆ ಹೋಯ್ತು?” ಎಂದೆ.

“ಪರಶುರಾಂಪುರದ ಕಡೆ ಇಟ್ಟಿಗೆ ಗೂಡಿನೋರು ತುಂಡು ಮಾಡ್ಕಂಡು ಒಯ್ದ್ರು. ಮೊನ್ನೆ. ಅಷ್ಟು ಗಟ್ಟಿ ಮರ ನಾವು ಕೊಯ್ಯಲ್ಲ, ಬ್ಲೇಡು ಹೋಗ್ತೈತೆ ಅಂದ್ರಕ್ಕ ಬ್ಯಾರೆ ಮಿಲ್ಲಿನೋರು.”

ಸ್ಕೂಟಿಯನ್ನು ಹಾಗೇ ತಿರುಗಿಸಿದೆ. ಒಂದು ದಿಮ್ಮಿ, ಒಂದೇ ಒಂದು ದಿಮ್ಮಿ ಉಳಿದಿದ್ದರೂ ಏನು ಮಾಡಿಯಾದರೂ ತರಬೇಕೆಂದು ಹೋದೆ. ಬಿಸಿಲು ತಲೆಯ ಮೇಲಿತ್ತು, ಸೆರಗಿನ ಗಂಟಿನಲ್ಲಿ ಕಾಯಿಗಳು. ಅಲ್ಲಿಲ್ಲಿ ಕೇಳಿಕೊಂಡು ಗೂಡು ಮುಟ್ಟಿದರೆ ಅದರ ಬಾಯಿಗಳನ್ನೆಲ್ಲ ಮಣ್ಣು ಮೆತ್ತಿ ಮುಚ್ಚಿದ್ದರು. ಸಂದುಗಳಿಂದ ಹೊಗೆ ಬರುತ್ತಿತ್ತು. ಗೂಡಿನ ಯಜಮಾನ ನನ್ನನ್ನು ಇಟ್ಟಿಗೆ ಕೊಳ್ಳಲು ಬಂದವಳೆಂದು ತಿಳಿದು ಕುರ್ಚಿ ಹಾಕಿಸಿ ಚಹಾ ತರಿಸಿದ. ನಾನು ನನ್ನಿವಾಳದ ಮರವೆಂದು ತೊದಲಿದೆ.

“ಅದಾ!” ಅವನ ಮುಖ ಅರಳಿತು. “ಏನ್ ಮರ ಅಕ್ಕ ಅದು! ಅಂಥ ಕಾವು ನಾನು ನೋಡೇ ಇಲ್ಲ. ಎರಡು ದಿನ ಆತು, ಇನ್ನಾ ಆರಿಲ್ಲ ನೋಡ್ರಿ.”

ಆ ಮರವನ್ನು ಮನಸಾರೆ ಹೊಗಳಿದ ಕೊನೆಯ ಮನುಷ್ಯ ಅವನು. ಚಹಾ ಕುಡಿದು ಎದ್ದು ಬಂದೆ.

ತಂದ ಕಾಯಿಗಳನ್ನು ಒಣಗಿಸಿ, ಬೀಜ ಬಿಡಿಸಿ, ಪಾಕೆಟ್ಟುಗಳಲ್ಲಿ ಮಣ್ಣು ತುಂಬಿ ಹಾಕಿದೆ. ಇನ್ನೂ ಬಲಿಯದ ಹಾಲು ಕಾಯಿಯ ಬೀಜ. ಒಂದೂ ಹುಟ್ಟಲಿಲ್ಲ. ಖಾಜಾ ಸಾಬರು ದಿನವೂ ಬಂದಕೂಡಲೆ ಆ ಪಾಕೆಟ್ಟುಗಳ ಮೇಲೆ ಬಗ್ಗಿ ನೋಡಿ ಆಮೇಲೆ ಅಂಗಿ ಬದಲಿಸುತ್ತಿದ್ದರು. ಒಂದು ತಿಂಗಳಾದ ಮೇಲೆ ಬಗ್ಗುವುದನ್ನು ಬಿಟ್ಟರು.

ಅಪ್ಪನ ಕಾಲದಲ್ಲಿ ನೆಟ್ಟವು ಇವೆಯಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೆಂದು ಸಮಾಧಾನ ಮಾಡಿಕೊಂಡು ಬಿ.ಜಿ. ಕೆರೆಯ ಕಡೆ ಹೋದೆ. ಇದ್ದವು, ಬದುವಿನಲ್ಲಿ ಹನ್ನೊಂದು. ಇನ್ನೂ ಒಂದೂ ಕಾಯಿ ಕಟ್ಟಿಲ್ಲ. ಹೊಲದವನು, “ಇವು ಯಾವಾಗ ದಪ್ಪ ಆಗ್ತಾವಕ್ಕ? ಟ್ರ್ಯಾಕ್ಟರು ತಿರುಗ್ಸಾಕೆ ಅಡ್ಡ” ಎಂದ.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಗ್ಗೆ ಬೋರಜ್ಜ ಬಂದರು. ಕುರಿಯ ಜೊತೆ ಅಷ್ಟು ದೂರ ನಡೆದು ಬಂದ ಕಾಲು, ಧೂಳು ಮೊಣಕಾಲಿನವರೆಗೆ. ಹೆಗಲ ಮೇಲೆ ಕಂಬಳಿ.

“ಏನವ್ವ, ಚೆನ್ನಾಗಿದೀಯಾ?” ಎಂದು ಕೂತರು. ನೀರು ಕೊಟ್ಟೆ. ಕುಡಿದು, ಅಂಗಳದ ದಿಮ್ಮಿಗಳ ಮೇಲೆಲ್ಲ ಕಣ್ಣಾಡಿಸಿದರು. “ಸರ್ಕಾರದ ಮನೆ ಬಂದೈತೆ ನಮ್ಗೆ. ಗ್ವಾಡೆ ಎದ್ದಾವೆ. ನಮ್ಮಾಕೆ ಮಲಗಿಬಿಟ್ಟಾಳೆ ಕಣವ್ವ, ಕಾಲು ಸ್ವಾಧೀನ ಇಲ್ಲ. ಅವಳದೊಂದು ಹಠ. ಮರದ್ದೊಂದು ತುಂಡು ತಂದು ಹೊಸಿಲಿಗೆ ಹಾಕ್ಸು ಅಂತಾಳೆ. ನಾಕು ಮಕ್ಳಿಗೂ ತೊಟ್ಲು ಕಟ್ಟಿದ್ದು ಅದ್ರಾಗೇ ಅಲ್ವಾ? ಬಾಗಿಲು ಯಾವುದಾದ್ರೂ ಆಗ್ಲಿ, ಹೊಸಿಲು ಅದರದ್ದೇ ಆಗ್ಬೇಕಂತೆ. ಮರ ಮಿಲ್ಲಿಗೇ ಕೊಟ್ಟೆ ಅಂದ ಪಾಲಯ್ಯ. ಅದ್ಕೇ ಬಂದೆ.”

ಪಾಲಯ್ಯ ತನ್ನಪ್ಪನಿಗೆ ನಿಜ ಹೇಳಿರಲಿಲ್ಲ. ಹೇಳುವ ಕೆಲಸವನ್ನು ನನಗೆ ಬಿಟ್ಟಿದ್ದ. ನ್ಯಾಯವೇ. ನಾನು ಬಾಯಿ ತೆರೆದೆ. ಬಂದ ಮಾತು ಬೇರೆಯಾಗಿತ್ತು.

“ಐತೆ ಅಜ್ಜ. ನಿಮಗಂತಲೇ ಇಟ್ಟೀನಿ.”

ಖಾಜಾ ಸಾಬರು ಅರ ಕೆಳಗಿಟ್ಟರು. ಶೆಡ್ಡಿನ ಹಿಂದೆ, ಯಾವುದೋ ಕಾಲದಲ್ಲಿ ಮೊಳಕಾಲ್ಮೂರಿನ ಗುಡ್ಡದ ಬುಡದಲ್ಲಿ ಗಾಳಿಗೆ ಬಿದ್ದ ಕಮರದ ಒಂದು ತುಂಡಿತ್ತು. ಅದನ್ನು ತಂದು ಗರಗಸಕ್ಕೆ ಕೊಟ್ಟೆವು. ಕಮರ ಕೊಯ್ಯುವಾಗ ಗರಗಸ ಕೂಗುವ ಕೂಗು ಊರಿಗೆಲ್ಲ ಕೇಳುತ್ತದೆ. ಕಡುಗೆಂಪು ಚೇಗು ಬಿಚ್ಚಿಕೊಂಡಿತು. ಬೋರಜ್ಜ ಎದ್ದು ಬಂದು ಕೆಳಗೆ ಬಿದ್ದ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದರು. ಬೆರಳು ಬಿಚ್ಚಿದರು. ಗಾಳಿಗೆ ಹಾರಿಹೋಯಿತು.

“ಇದು ಒಣಾ ಮರ ಅಲ್ಲೇನವ್ವ?” ಎಂದರು. “ನಮ್ಮದು ಹಸಿ ಇರ್ಬೇಕಿತ್ತಲ್ಲ. ಎರಡು ತಿಂಗ್ಳೂ ಆಗಿಲ್ಲ ಕಡ್ದು.”

ಖಾಜಾ ಸಾಬರು ಮೋಟಾರು ಆರಿಸಿದರು. ಬೋರಜ್ಜನ ಮುಖ ನೋಡಲಾಗದೆ ನಾನು ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಪಾಲಯ್ಯ ಬಂದದ್ದು, ನಾನು ಒಲ್ಲೆ ಎಂದದ್ದು, ಇಟ್ಟಿಗೆ ಗೂಡು. ಸ್ಟೇಟಸ್ಸಿನ ವಿಷಯ ಒಂದನ್ನು ಬಿಟ್ಟೆ.

ಬೋರಜ್ಜ ಹಲಗೆಯ ಮೇಲಿನ ಹೊಟ್ಟನ್ನು ಅಂಗೈಯಿಂದ ಒರೆಸಿದರು. ಬೈಯುತ್ತಾರೆಂದು ಕಾದೆ. “ನಿಮ್ಮಪ್ಪ ಇದ್ದಿದ್ರೆ ಕೊಯ್ತಿದ್ದ” ಎಂದರು ಕೊನೆಗೆ. “ನನ್ನತ್ರ ಜಗಳಾಡಿ, ಅತ್ಕಂಡು, ಆಮ್ಯಾಲೆ ಕೊಯ್ತಿದ್ದ.”

ಆಮೇಲೆ ಆ ಹಲಗೆಯನ್ನು ಕಂಬಳಿಯಲ್ಲಿ ಸುತ್ತತೊಡಗಿದರು. ನಾನು ತಡೆಯಲು ಹೋದೆ.

“ಇರ್ಲಿ. ಅದರದ್ದೇ ಅಂತ ಹೇಳ್ತೀನಿ. ನೀನೂ ಮನೆ ಒಕ್ಕಲಿಗೆ ಬಾ. ಕೇಳಿದ್ರೆ ನೀನೂ ಹಂಗೇ ಹೇಳು.”

ಹೋಗದೆ ಇರಲಾಗಲಿಲ್ಲ, ಹೋದೆ. ಹೊಸಿಲಿಗೆ ಅರಿಸಿನ ಬಳಿದು ಕುಂಕುಮ ಇಟ್ಟಿದ್ದರು. ಅಂದು ಮಜ್ಜಿಗೆ ತಂದ ಓಬವ್ವ ಈಗ ಓಬಜ್ಜಿ; ಅವಳನ್ನು ಪಾಲಯ್ಯ ಮಗುವಿನ ಹಾಗೆ ಎತ್ತಿಕೊಂಡು ಬಂದ. ಎಷ್ಟು ಸಣ್ಣಗಾಗಿದ್ದಳು! ದಾಟುವ ಮೊದಲು, “ಇಳಿಸ್ಲೇ” ಎಂದಳು. ಅಲ್ಲೇ ಕೂತು ಹೊಸಿಲನ್ನು ಆ ತುದಿಯಿಂದ ಈ ತುದಿಯವರೆಗೆ ಸವರಿದಳು. ಅಂಗೈ ಅರಿಸಿನವಾಯಿತು. ಬೋರಜ್ಜ ಚಪ್ಪರದ ಕಂಬದ ಕಡೆ ಮುಖ ಮಾಡಿ ನಿಂತಿದ್ದರು.

ಅಜ್ಜಿ ನನ್ನನ್ನು ಕಂಡು ಕೈ ಚಾಚಿದಳು. “ಬಂದ್ಯಾ ಮಗಳೇ. ಬೀಜ ಹಿಡ್ಕಂಡ್ಯಾ?”

“ಹಿಡ್ಕಂಡೀನಿ ಅಜ್ಜಿ.”

“ಹುಟ್ಟಿದ್ವಾ?”

ಪಾಲಯ್ಯ ನನ್ನನ್ನೇ ನೋಡುತ್ತಿದ್ದ. “ಹುಟ್ಟ್ಯಾವೆ” ಎಂದೆ. “ಎರಡೆರಡು ಎಲೆ ಬಿಟ್ಟಾವೆ.”

“ಕುರಿ ಬಾಯಿಗೆ ಸಿಗ್ದಂಗೆ ಮುಳ್ಳು ಹಾಕು” ಎಂದು ನನ್ನ ಕೆನ್ನೆ ಸವರಿದಳು. ಅರಿಸಿನ ನನ್ನ ಕೆನ್ನೆಗೂ ಹತ್ತಿತು. ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದೆ. ಹೊರಗೆ ಬಂದರೆ ಪಕ್ಕದ ಹೊಲದ ಸೋಲಾರ್ ಬೇಲಿಯಾಚೆ ಸಾಲು ಸಾಲು ಕನ್ನಡಿಯಂಥ ಹಲಗೆಗಳು ಹೊಳೆಯುತ್ತಿದ್ದವು. ಬೇಲಿಯ ಈಚೆ ಬೋರಜ್ಜನ ಕುರಿಗಳು ಬಿಸಿಲಿನಲ್ಲಿ ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿಕೊಂಡು ನಿಂತಿದ್ದವು. ಇರುವ ನೆರಳು ಅಷ್ಟೇ.

ಓಬಜ್ಜಿ ಆ ಮನೆಯಲ್ಲಿ ಇದ್ದದ್ದು ಮೂರು ವಾರ. ಸುದ್ದಿ ಬಂದಾಗ ಹೋಗಿ ಬಂದೆ. ಸಸಿಗಳನ್ನು ಕೇಳುತ್ತಿದ್ದಳೆಂದು ಪಾಲಯ್ಯನ ಹೆಂಡತಿ ಹೇಳಿದಳು.

ಅದಾಗಿ ಸ್ವಲ್ಪ ದಿನಕ್ಕೆ ಒಬ್ಬ ರೈತ ಟ್ರ್ಯಾಕ್ಟರಿನಲ್ಲಿ ಬೇವಿನ ಮರ ತಂದ. ಆಗತಾನೆ ಕಡಿದದ್ದು. ತುದಿ ಒಣಗಿರಲಿಲ್ಲ, ಒಳ್ಳೆಯ ಪ್ರಾಯದ ಮರ. ದಿಮ್ಮಿಗೆ ಅಂಟಿಕೊಂಡ ರೆಂಬೆಗಳಲ್ಲಿ ಹಳದಿ ಹಣ್ಣುಗಳು ಗೊಂಚಲು ಗೊಂಚಲಾಗಿದ್ದವು. ಇಳಿಸುವಾಗ ಅಂಗಳದ ತುಂಬ ಉದುರಿ, ಆಳುಗಳ ಕಾಲಡಿಯಲ್ಲಿ ಪಚಪಚ ಎಂದು, ಕಹಿಯೂ ಸಿಹಿಯೂ ಆದ ವಾಸನೆ ಎದ್ದಿತು. ರೈತ ನನ್ನ ಪ್ರಶ್ನೆಗಳಿಗೆ ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದನೆಂದು ಕಾಣುತ್ತದೆ. “ಸಸಿ ನೆಡ್ತೀನಿ ಅಕ್ಕ, ಖಂಡಿತ ನೆಡ್ತೀನಿ” ಎಂದು ತಾನೇ ಶುರು ಮಾಡಿದ.

“ಏನು ಸೈಜು ಬೇಕು ಹೇಳಿ” ಎಂದೆ.

ಖಾಜಾ ಸಾಬರು ದಿಮ್ಮಿಯ ಪಕ್ಕ ನಿಂತಿದ್ದರು. ಒಂದು ಹಣ್ಣನ್ನು ಎತ್ತಿ ಬೆರಳಲ್ಲಿ ಒತ್ತಿ, ಬೀಜವನ್ನು ಅಂಗೈಯಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

“ಬೇಟಿ, ಹಣ್ಣು ಐತೆ ಇದ್ರಾಗೆ.”

“ಗೊತ್ತು ಸಾಬ್ರೇ” ಎಂದೆ. “ಮೋಟಾರು ಹಾಕ್ರಿ.”

ಅವರು ಬೀಜವನ್ನು ದಿಮ್ಮಿಯ ಮೇಲಿಟ್ಟರು. ಆಮೇಲೆ ಹೋಗಿ ಮೋಟಾರು ಹಾಕಿದರು.